ವೃತ್ತಿ ಸಂವಹನ ತರಬೇತಿ

ವೃತ್ತಿ ಸಂವಹನ ತರಬೇತಿ ಎಂದರೆ ಉದ್ಯೋಗದಲ್ಲಿರುವವರಿಗೆ ಕೆಲಸಕ್ಕೆ ಸಂಬಂಧಿಸಿದ ಮಾಹಿತಿ, ಅಭಿಪ್ರಾಯ, ಕೋರಿಕೆ ಮತ್ತು ನಿರ್ಧಾರಗಳನ್ನು ಸ್ಪಷ್ಟವಾಗಿ, ಅಳುಕಿಲ್ಲದೆ ತಿಳಿಸುವುದನ್ನೂ ಇತರರ ಮಾತನ್ನು ಸರಿಯಾಗಿ ಗ್ರಹಿಸುವುದನ್ನೂ ಅಭ್ಯಾಸದ ಮೂಲಕ ಕಲಿಸುವ ವ್ಯವಸ್ಥಿತ ಶಿಕ್ಷಣ. ಮಾತು, ಬರಹ, ಆಲಿಸುವಿಕೆ ಮತ್ತು ಹಾವಭಾವ ಇದರ ನಾಲ್ಕು ಅಂಗಗಳು. ಹೇಳಿದ್ದು ಕೇಳಿದವರಿಗೆ ಹೇಳಿದವರ ಉದ್ದೇಶದಂತೆಯೇ ಅರ್ಥವಾಯಿತೇ, ಮುಂದಿನ ಕೆಲಸ ಅದರಂತೆ ನಡೆಯಿತೇ ಎಂಬುದು ಇಲ್ಲಿ ಯಶಸ್ಸಿನ ಅಳತೆ.

ಪರಿಭಾಷೆ ಮತ್ತು ವ್ಯಾಪ್ತಿ

ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಕೆಲವು ಪದಗಳ ಅರ್ಥವ್ಯಾಪ್ತಿ ಬೇರೆಬೇರೆ. ಗುಂಪಿಗೆ ಗೊತ್ತುಪಡಿಸಿದ ಪಠ್ಯಕ್ರಮದಂತೆ ಕಲಿಸುವುದು ತರಬೇತಿ. ಒಬ್ಬ ವ್ಯಕ್ತಿಯ ಕೆಲಸದ ಸಂದರ್ಭವನ್ನೇ ಹಿಡಿದು, ಪ್ರಶ್ನೆಗಳ ಮೂಲಕ ಅವರೇ ದಾರಿ ಕಂಡುಕೊಳ್ಳುವಂತೆ ಮಾಡುವುದು ಕೋಚಿಂಗ್. ಕನ್ನಡದ ದಿನಬಳಕೆಯಲ್ಲಿ ಕೋಚಿಂಗ್ ಎಂಬ ಪದಕ್ಕೆ ಪ್ರವೇಶ ಪರೀಕ್ಷೆಯ ಪಾಠ ಎಂಬ ಅರ್ಥ ರೂಢಿಯಾಗಿದೆ; ಈ ಕ್ಷೇತ್ರದಲ್ಲಿ ಆ ಅರ್ಥ ಅನ್ವಯಿಸುವುದಿಲ್ಲ. ಅದೇ ವೃತ್ತಿಯ ಹಿರಿಯರು ತಮ್ಮ ಅನುಭವದಿಂದ ಕಿರಿಯರಿಗೆ ದಾರಿ ತೋರುವುದು ಮಾರ್ಗದರ್ಶನ. ಶಿಕ್ಷಾರ್ಥಿಯ ಮಾತು ಅಥವಾ ಬರಹದ ಬಗ್ಗೆ ಇತರರು ಹಿಂದಿರುಗಿಸುವ ಅಭಿಪ್ರಾಯ ಹಿಮ್ಮಾಹಿತಿ. ಕಚೇರಿಗಳಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಎಂಬ ಪದವೇ ಹೆಚ್ಚು ಬಳಕೆಯಲ್ಲಿದೆ. ಹಲವರ ಮುಂದೆ ಮಾತನಾಡುವಾಗ ಉಂಟಾಗುವ ಭಯ ಸಭಾಕಂಪ.

ವೃತ್ತಿ ಸಂವಹನ ತರಬೇತಿ ಭಾಷಾ ಬೋಧನೆಯೂ ಅಲ್ಲ, ವಾಕ್ ಚಿಕಿತ್ಸೆಯೂ ಅಲ್ಲ. ಉಗ್ಗು, ಧ್ವನಿಯ ತೊಂದರೆ ಮೊದಲಾದವು ವಾಕ್ ಮತ್ತು ಶ್ರವಣ ತಜ್ಞರ ಕ್ಷೇತ್ರಕ್ಕೆ ಸೇರುತ್ತವೆ. ಭಾರತದಲ್ಲಿ ಆ ಕ್ಷೇತ್ರದ ಪ್ರಮುಖ ಸಂಸ್ಥೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

ಪ್ರಾಚೀನ ಹಿನ್ನೆಲೆ

ಮಾತುಗಾರಿಕೆಯನ್ನು ಶಾಸ್ತ್ರವಾಗಿ ಕಲಿಸುವ ಪದ್ಧತಿ ಗ್ರೀಸ್ ಮತ್ತು ಭಾರತಗಳೆರಡರಲ್ಲೂ ಹಳೆಯದು. ಕ್ರಿ.ಪೂ. 4ನೆಯ ಶತಮಾನದಲ್ಲಿ ಅರಿಸ್ಟಾಟಲ್ ತನ್ನ ವಾಗ್ಮಿತಾ ಶಾಸ್ತ್ರದಲ್ಲಿ ಒಪ್ಪಿಸುವ ಮಾತಿಗೆ ಮೂರು ಆಧಾರಗಳನ್ನು ಗುರುತಿಸಿದ: ಮಾತನಾಡುವವನ ವಿಶ್ವಾಸಾರ್ಹತೆ, ಕೇಳುವವರ ಭಾವನೆ ಮತ್ತು ತರ್ಕ. ರೋಮಿನ ಪರಂಪರೆ ಭಾಷಣ ಸಿದ್ಧತೆಯನ್ನು ವಿಷಯದ ಶೋಧ, ಜೋಡಣೆ, ಶೈಲಿ, ಸ್ಮರಣೆ, ನಿರೂಪಣೆ ಎಂಬ ಐದು ಹಂತಗಳಾಗಿ ವಿಂಗಡಿಸಿತು. ಕ್ರಿ.ಪೂ. 55ರಲ್ಲಿ ಸಿಸೆರೊ ಬರೆದ ‘ದೆ ಒರಾತೊರೆ’ ಮತ್ತು ಕ್ರಿ.ಶ. 1ನೆಯ ಶತಮಾನದ ಕೊನೆಯಲ್ಲಿ ಕ್ವಿಂಟಿಲಿಯನ್ 12 ಸಂಪುಟಗಳಲ್ಲಿ ರಚಿಸಿದ ಶಿಕ್ಷಣ ಗ್ರಂಥ ಈ ಪರಂಪರೆಯ ಮುಖ್ಯ ಕೃತಿಗಳು.

ಭಾರತದಲ್ಲಿ ನ್ಯಾಯದರ್ಶನ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿತು. ತತ್ತ್ವ ನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟೇ ವಿತಂಡ. ಆಡಳಿತದ ಬರವಣಿಗೆಗೆ ಸ್ಪಷ್ಟ ನಿಯಮಗಳು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿವೆ. ಅದರ ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯ ರಾಜಶಾಸನಗಳ ಲೇಖಕನಿಗೆ ಮೀಸಲಾಗಿದೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ ಎಂಬ ಆರು ಗುಣಗಳನ್ನು ಅದು ಹೇಳುತ್ತದೆ. ಪ್ರಧಾನ ವಿಷಯವನ್ನು ಮೊದಲು ಇರಿಸುವುದು ಅರ್ಥಕ್ರಮದ ಲಕ್ಷಣ. ಎಲ್ಲರಿಗೂ ಪರಿಚಿತವಾದ ಪದಗಳನ್ನು ಬಳಸುವುದು ಸ್ಪಷ್ಟತೆಯ ಲಕ್ಷಣ. ಹಿಂದೆ ಹೇಳಿದ್ದಕ್ಕೆ ಮುಂದಿನದು ವಿರುದ್ಧವಾಗುವ ವ್ಯಾಘಾತ, ಹೇಳಿದ್ದನ್ನೇ ಹೇಳುವ ಪುನರುಕ್ತ ಮೊದಲಾದ ಐದು ದೋಷಗಳನ್ನೂ ಅದು ಪಟ್ಟಿಮಾಡುತ್ತದೆ. ಕನ್ನಡದಲ್ಲಿ 9ನೆಯ ಶತಮಾನದ ಕವಿರಾಜಮಾರ್ಗ ಕಾವ್ಯದ ಸಂದರ್ಭದಲ್ಲಿ ಪದಪ್ರಯೋಗದ ಗುಣದೋಷಗಳನ್ನು ಚರ್ಚಿಸಿದೆ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಲೆಯಲ್ಲಿ ಅರ್ಥಧಾರಿಗಳು ಬರೆದಿಟ್ಟ ಪಾಠವಿಲ್ಲದೆ, ಎದುರಿನ ಪಾತ್ರದ ಮಾತನ್ನು ಕೇಳಿ ಅಲ್ಲಲ್ಲೇ ಉತ್ತರ ಕಟ್ಟುವ ರೂಢಿ ಇಂದಿಗೂ ಜೀವಂತವಾಗಿದೆ.

ಆಧುನಿಕ ಬೆಳವಣಿಗೆ

ಉದ್ಯೋಗಸ್ಥರಿಗೆಂದೇ ಸಂವಹನವನ್ನು ಕಲಿಸುವ ಪದ್ಧತಿ 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ವ್ಯಾಪಕವಾಯಿತು. ಡೇಲ್ ಕಾರ್ನೆಗಿ 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎಯಲ್ಲಿ ಸಂಜೆಯ ಭಾಷಣ ತರಗತಿಗಳನ್ನು ಆರಂಭಿಸಿದರು. 1936ರಲ್ಲಿ ಪ್ರಕಟವಾದ ಅವರ ‘ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್’ ಈ ತರಗತಿಗಳ ಅನುಭವದಿಂದ ರೂಪುಗೊಂಡ ಪುಸ್ತಕ. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಸ್ಥಾಪಿಸಿದರು. ಗುರುವಿಲ್ಲದೆ ಸದಸ್ಯರೇ ಪರಸ್ಪರ ಕಲಿಸುವುದು ಅದರ ವಿಶೇಷ.

ಎರಡನೆಯ ಮಹಾಯುದ್ಧದ ನಂತರ ಗಮನ ಭಾಷಣದಿಂದ ಪರಸ್ಪರ ಸಂವಾದದ ಕಡೆಗೆ ಹೊರಳಿತು. ಕರ್ಟ್ ಲೆವಿನ್ ಮತ್ತು ಸಹೋದ್ಯೋಗಿಗಳ ಪ್ರಯೋಗಗಳಿಂದ ಬೆಳೆದ ಟಿ-ಗ್ರೂಪ್ ಪದ್ಧತಿ 1947ರಿಂದ ಅಮೆರಿಕದ ಬೆಥೆಲ್‌ನಲ್ಲಿ ನಡೆಯತೊಡಗಿತು. ಗುಂಪಿನ ಸದಸ್ಯರು ಒಬ್ಬರ ವರ್ತನೆ ಇನ್ನೊಬ್ಬರ ಮೇಲೆ ಬೀರಿದ ಪರಿಣಾಮವನ್ನು ನೇರವಾಗಿ ಹೇಳುವುದು ಅದರ ತಿರುಳು. ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ ಸಕ್ರಿಯ ಆಲಿಸುವಿಕೆಯನ್ನು ವಿವರಿಸಿದರು. 1963ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗಾಗಿ ರೂಪುಗೊಂಡ ಸೂಕ್ಷ್ಮಬೋಧನೆ ಪಾಠವನ್ನು ಸಣ್ಣ ತುಣುಕುಗಳಾಗಿಸಿ, ವಿಡಿಯೊ ನೋಡಿ ತಿದ್ದಿಕೊಳ್ಳುವ ಕ್ರಮವನ್ನು ಬೆಳೆಸಿತು. ರಾಬರ್ಟ್ ಆಲ್ಬರ್ಟಿ ಮತ್ತು ಮೈಕಲ್ ಎಮ್ಮನ್ಸ್ ಅವರ 1970ರ ಪುಸ್ತಕ ‘ಯುವರ್ ಪರ್ಫೆಕ್ಟ್ ರೈಟ್’ ದೃಢ ಅಭಿವ್ಯಕ್ತಿಯನ್ನು ಜನಪ್ರಿಯಗೊಳಿಸಿತು. ಜಾನ್ ವಿಟ್ಮೋರ್ 1992ರ ತಮ್ಮ ಪುಸ್ತಕದಲ್ಲಿ ಗುರಿ, ವಾಸ್ತವ, ಆಯ್ಕೆಗಳು, ಸಂಕಲ್ಪ ಎಂಬ ನಾಲ್ಕು ಹಂತಗಳ ಗ್ರೋ ಮಾದರಿಯನ್ನು ಪ್ರಚಾರಕ್ಕೆ ತಂದರು. 1995ರಲ್ಲಿ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಸ್ಥಾಪನೆಯಾಗಿ ಕೋಚಿಂಗ್ ಒಂದು ಸಂಘಟಿತ ವೃತ್ತಿಯಾಗತೊಡಗಿತು.

ತರಬೇತಿಯ ರಚನೆ

ಸಾಮಾನ್ಯವಾಗಿ ತರಬೇತಿ ಐದು ಹಂತಗಳಲ್ಲಿ ಸಾಗುತ್ತದೆ.

1. ಅಗತ್ಯದ ಗುರುತಿಸುವಿಕೆ. ಶಿಕ್ಷಾರ್ಥಿ ಯಾರೊಂದಿಗೆ, ಯಾವ ಸಂದರ್ಭದಲ್ಲಿ, ಯಾವ ಭಾಷೆಯಲ್ಲಿ ಮಾತನಾಡಬೇಕು, ತೊಡಕು ಎಲ್ಲಿದೆ ಎಂಬುದನ್ನು ಸಂದರ್ಶನ, ಬರಹದ ಮಾದರಿ ಮತ್ತು ಸಹೋದ್ಯೋಗಿಗಳ ಅಭಿಪ್ರಾಯದಿಂದ ತಿಳಿಯಲಾಗುತ್ತದೆ. ಅಳುಕನ್ನು ಅಳೆಯಲು ಜೇಮ್ಸ್ ಮೆಕ್‌ಕ್ರಾಸ್ಕಿ ರೂಪಿಸಿದ 24 ಹೇಳಿಕೆಗಳ ಪ್ರಶ್ನಾವಳಿ ಬಳಕೆಯಲ್ಲಿದೆ. ಗುಂಪುಚರ್ಚೆ, ಸಭೆ, ಇಬ್ಬರ ಮಾತುಕತೆ, ಸಾರ್ವಜನಿಕ ಭಾಷಣ ಎಂಬ ನಾಲ್ಕು ಸಂದರ್ಭಗಳನ್ನು ಅದು ಬೇರೆಬೇರೆಯಾಗಿ ನೋಡುತ್ತದೆ. ಒಂದರಲ್ಲಿ ಧೈರ್ಯವಿರುವವರಿಗೆ ಇನ್ನೊಂದರಲ್ಲಿ ಅಳುಕಿರಬಹುದು.

2. ಗುರಿಯ ನಿಗದಿ. ಚೆನ್ನಾಗಿ ಮಾತನಾಡುವುದು ಎಂಬಂಥ ಸಾಮಾನ್ಯ ಗುರಿಯ ಬದಲು, ವಾರದ ಸಭೆಯಲ್ಲಿ ಕೆಲಸದ ಸ್ಥಿತಿಯನ್ನು 2 ನಿಮಿಷದಲ್ಲಿ ವರದಿ ಮಾಡುವುದು ಎಂಬಂತೆ ನೋಡಿ ಪರಿಶೀಲಿಸಬಹುದಾದ ಗುರಿಯನ್ನು ಇಟ್ಟುಕೊಳ್ಳಲಾಗುತ್ತದೆ.

3. ಪ್ರದರ್ಶನ. ತರಬೇತುದಾರರು ಒಂದು ಕೌಶಲವನ್ನು ಬಿಡಿಸಿ ತೋರಿಸುತ್ತಾರೆ.

4. ಅಭ್ಯಾಸ ಮತ್ತು ಹಿಮ್ಮಾಹಿತಿ. ಪಾತ್ರಾಭಿನಯ, ಅಣಕು ಸಭೆ, ಆಶುಭಾಷಣ, ವಿಡಿಯೊ ದಾಖಲೆ ಇದರ ಸಾಧನಗಳು. ತರಬೇತಿಯ ಹೆಚ್ಚಿನ ಅವಧಿ ಈ ಹಂತಕ್ಕೆ ಮೀಸಲು.

5. ಕೆಲಸದಲ್ಲಿ ಅಳವಡಿಕೆ. ಕಲಿತದ್ದನ್ನು ನಿಜವಾದ ಸಭೆ ಅಥವಾ ಪತ್ರದಲ್ಲಿ ಬಳಸಿ, ಅದರ ಫಲವನ್ನು ಮುಂದಿನ ಭೇಟಿಯಲ್ಲಿ ಪರಿಶೀಲಿಸಲಾಗುತ್ತದೆ.

ಕಲಿಸುವ ಅಂಶಗಳು

ವಿಚಾರದ ಜೋಡಣೆ: ಮೆಕಿನ್ಸಿ ಸಂಸ್ಥೆಯಲ್ಲಿ ಬಾರ್ಬರಾ ಮಿಂಟೊ ರೂಪಿಸಿದ ಪಿರಮಿಡ್ ತತ್ತ್ವದಂತೆ ಮುಖ್ಯ ತೀರ್ಮಾನ ಮೊದಲು ಬರುತ್ತದೆ, ಅದರ ಕೆಳಗೆ ಕಾರಣಗಳು, ಕಾರಣಗಳ ಕೆಳಗೆ ವಿವರಗಳು. ಉದಾಹರಣೆಗೆ, ನಡೆದದ್ದೆಲ್ಲವನ್ನೂ ಕಾಲಕ್ರಮದಲ್ಲಿ ಹೇಳಿ ಕೊನೆಗೆ ಕೋರಿಕೆ ಇಡುವ ಬದಲು ಹೀಗೆ ಆರಂಭಿಸಲಾಗುತ್ತದೆ: “ಹೊಸ ತಂತ್ರಾಂಶದ ಬಿಡುಗಡೆಯನ್ನು ಶುಕ್ರವಾರದಿಂದ ಸೋಮವಾರಕ್ಕೆ ಮುಂದೂಡಲು ನಿಮ್ಮ ಒಪ್ಪಿಗೆ ಬೇಕು. ಎರಡು ದೋಷಗಳು ಉಳಿದಿವೆ. ಅವನ್ನು ಸರಿಪಡಿಸಲು ಇನ್ನೆರಡು ದಿನ ಬೇಕಾಗುತ್ತದೆ.”

ಸರಳ ಬರಹ: ಬ್ರಿಟಿಷ್ ಸರ್ಕಾರಿ ನೌಕರರಿಗಾಗಿ ಅರ್ನೆಸ್ಟ್ ಗವರ್ಸ್ ಬರೆದ ‘ಪ್ಲೇನ್ ವರ್ಡ್ಸ್’ 1948ರಲ್ಲಿ ಪ್ರಕಟವಾಯಿತು. ಅಮೆರಿಕ 2010ರಲ್ಲಿ ಸರಳ ಬರಹದ ಕಾಯ್ದೆ ಮಾಡಿತು. 2023ರಲ್ಲಿ ಐಎಸ್ಒ 24495-1 ಎಂಬ ಅಂತರರಾಷ್ಟ್ರೀಯ ಮಾನಕ ಬಂದಿತು. ಆಡಳಿತ ಕನ್ನಡದಲ್ಲಿ ಈ ಪಾಠ ಮುಖ್ಯವಾಗಿ ಕರ್ತೃವಿಲ್ಲದ ಕರ್ಮಣಿ ಪ್ರಯೋಗಕ್ಕೆ ಸಂಬಂಧಿಸಿದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಯಾರು, ಏನು, ಯಾವಾಗ ಎಂಬ ಮೂರೂ ಇಲ್ಲ. ‘ಕಿರಿಯ ಎಂಜಿನಿಯರ್ ಜೂನ್ 10ರೊಳಗೆ ಸ್ಥಳ ಪರಿಶೀಲಿಸಿ ವರದಿ ಸಲ್ಲಿಸುತ್ತಾರೆ’ ಎಂದಾಗ ಮೂರೂ ಸಿಗುತ್ತವೆ.

ಆಲಿಸುವಿಕೆ: ಮಧ್ಯೆ ಬಾಯಿ ಹಾಕದೆ ಕೇಳುವುದು, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಹೇಳಿ ಖಚಿತಪಡಿಸಿಕೊಳ್ಳುವುದು, ಮಾತಿನ ಹಿಂದಿನ ಭಾವವನ್ನು ಗುರುತಿಸುವುದು ಇದರಲ್ಲಿ ಸೇರುತ್ತವೆ.

ದೃಢ ಅಭಿವ್ಯಕ್ತಿ: ತನ್ನ ಅಗತ್ಯವನ್ನು ನುಂಗಿಕೊಳ್ಳುವ ಅಧೀನ ವರ್ತನೆ ಮತ್ತು ಇತರರನ್ನು ತುಳಿಯುವ ಆಕ್ರಮಣಕಾರಿ ವರ್ತನೆ, ಇವೆರಡರಿಂದಲೂ ಭಿನ್ನವಾದ ನಡೆ ಇದು. ಹಿರಿಯರಿಗೆ ಗೌರವ ತಪ್ಪದಂತೆ ಭಿನ್ನಾಭಿಪ್ರಾಯ ಹೇಳುವುದು ಇದರ ಮುಖ್ಯ ಅಭ್ಯಾಸ: “ಸರ್, ಈ ಕೆಲಸ ನಾಳೆಗೆ ಮುಗಿಯುವುದಿಲ್ಲ. ಮೊದಲ ಭಾಗ ನಾಳೆ ಕೊಡುತ್ತೇನೆ, ಉಳಿದದ್ದಕ್ಕೆ ಗುರುವಾರದವರೆಗೆ ಸಮಯ ಬೇಕು.”

ಹಿಮ್ಮಾಹಿತಿ ನೀಡುವಿಕೆ: ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಪ್ರಚುರಪಡಿಸಿದ ಮಾದರಿಯಲ್ಲಿ ಸಂದರ್ಭ, ವರ್ತನೆ, ಪರಿಣಾಮ ಎಂಬ ಮೂರು ಭಾಗಗಳಿವೆ. ವ್ಯಕ್ತಿಯ ಸ್ವಭಾವವನ್ನು ತೀರ್ಮಾನಿಸದೆ, ಕಂಡ ವರ್ತನೆಯನ್ನಷ್ಟೇ ಹೇಳುವುದು ಇದರ ನಿಯಮ.

ಧ್ವನಿ ಮತ್ತು ಹಾವಭಾವ: ಮಾತಿನ ವೇಗ, ವಿರಾಮ, ಉಸಿರಾಟ, ನೋಟ, ನಿಲುವು ಇದರ ವಿಷಯಗಳು. ಸಂವಹನದಲ್ಲಿ ಪದಗಳ ಪಾಲು ಶೇ 7, ಧ್ವನಿಯದು ಶೇ 38, ಮುಖಭಾವದ್ದು ಶೇ 55 ಎಂಬ ಲೆಕ್ಕ ತರಬೇತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅಲ್ಬರ್ಟ್ ಮೆಹ್ರಾಬಿಯನ್ 1967ರ ಪ್ರಯೋಗಗಳಿಂದ ತೆಗೆದ ಈ ಅಂಕಿಗಳು, ಪದಕ್ಕೂ ಭಾವಕ್ಕೂ ಹೊಂದಾಣಿಕೆ ಇಲ್ಲದಾಗ ಕೇಳುಗರು ಇಷ್ಟಾನಿಷ್ಟಗಳನ್ನು ಹೇಗೆ ಊಹಿಸುತ್ತಾರೆ ಎಂಬುದಕ್ಕಷ್ಟೇ ಸೀಮಿತ. ಎಲ್ಲ ಸಂವಹನಕ್ಕೂ ಅವು ಅನ್ವಯಿಸುವುದಿಲ್ಲ.

ವಿಧಗಳು

ಸಾಮೂಹಿಕ ಕಾರ್ಯಾಗಾರ: ಒಂದು ಅಥವಾ ಎರಡು ದಿನ ನಡೆಯುವ, ಹಲವರಿಗೆ ಒಟ್ಟಿಗೆ ನೀಡುವ ತರಬೇತಿ. ವೆಚ್ಚ ಕಡಿಮೆ, ಒಬ್ಬೊಬ್ಬರಿಗೂ ಸಿಗುವ ಅಭ್ಯಾಸವೂ ಕಡಿಮೆ.

ವೈಯಕ್ತಿಕ ಕೋಚಿಂಗ್: ಕೆಲವು ತಿಂಗಳ ಕಾಲ ನಿಯತವಾಗಿ ನಡೆಯುವ ಒಬ್ಬರೊಡನೆ ಒಬ್ಬರ ಭೇಟಿ. ಹಿರಿಯ ಅಧಿಕಾರಿಗಳಲ್ಲಿ, ಹೊಸದಾಗಿ ತಂಡದ ನಾಯಕತ್ವ ವಹಿಸಿಕೊಂಡವರಲ್ಲಿ ಇದರ ಬಳಕೆ ಹೆಚ್ಚು. ಗೋಪ್ಯತೆಯ ಕರಾರು ಇದರ ಭಾಗ.

ಸಹಪಾಠಿ ಕ್ಲಬ್: ಟೋಸ್ಟ್‌ಮಾಸ್ಟರ್ಸ್ ಸಭೆಯಲ್ಲಿ ಸಿದ್ಧ ಭಾಷಣ, 1ರಿಂದ 2 ನಿಮಿಷದ ಆಶುಭಾಷಣ ಮತ್ತು ಮೌಲ್ಯಮಾಪನ ಎಂಬ ಮೂರು ಭಾಗಗಳಿರುತ್ತವೆ. ಒಬ್ಬ ಸದಸ್ಯ ಸಮಯ ನೋಡುತ್ತಾನೆ, ಇನ್ನೊಬ್ಬ ಭಾಷೆಯನ್ನು ಗಮನಿಸುತ್ತಾನೆ, ಮತ್ತೊಬ್ಬ ‘ಆ’, ‘ಅಂದರೆ’ ಮೊದಲಾದ ತುಂಬುಮಾತುಗಳನ್ನು ಎಣಿಸುತ್ತಾನೆ.

ಕ್ಷೇತ್ರನಿಷ್ಠ ತರಬೇತಿ: ವಿಮಾನಯಾನ, ವೈದ್ಯಕೀಯ, ಆಡಳಿತ ಮೊದಲಾದ ವೃತ್ತಿಗಳ ನಿಶ್ಚಿತ ಸಂದರ್ಭಗಳಿಗಾಗಿ ರೂಪಿಸಿದ್ದು.

ಅಂತರಸಂಸ್ಕೃತಿ ತರಬೇತಿ: ಬೇರೆ ದೇಶಗಳ ಸಹೋದ್ಯೋಗಿಗಳೊಡನೆ ಕೆಲಸ ಮಾಡುವವರಿಗೆ ನೀಡುವಂಥದ್ದು. ಎಡ್ವರ್ಡ್ ಹಾಲ್ ಪ್ರತಿಪಾದಿಸಿದಂತೆ, ಕೆಲವು ಸಂಸ್ಕೃತಿಗಳಲ್ಲಿ ಅರ್ಥ ಪದಗಳಲ್ಲಿಯೇ ಇರುತ್ತದೆ, ಕೆಲವುಗಳಲ್ಲಿ ಸಂದರ್ಭದಲ್ಲಿ ಅಡಗಿರುತ್ತದೆ. ಕನ್ನಡಿಗರ ನಡುವೆ ನಯವಾದ ನಿರಾಕರಣೆಯಾಗಿ ಅರ್ಥವಾಗುವ ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’ ಎಂಬ ಮಾತುಗಳ ನೇರ ಅನುವಾದ ನೇರನುಡಿಯ ಸಂಸ್ಕೃತಿಯವರಿಗೆ ಒಪ್ಪಿಗೆಯಂತೆ ಕೇಳಬಹುದು.

ಬಳಕೆಯ ಕ್ಷೇತ್ರಗಳು

ವಿಮಾನಯಾನ: 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆಯಲ್ಲಿ ಮಂಜು ಕವಿದಿದ್ದಾಗ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯಲ್ಲಿ ಡಿಕ್ಕಿಯಾಗಿ 583 ಮಂದಿ ಸತ್ತರು. ಅವುಗಳಲ್ಲಿ ಒಂದಾದ ಕೆಎಲ್ಎಂ ವಿಮಾನ ಹಾರಾಟದ ಅನುಮತಿ ಇಲ್ಲದೆ ಹೊರಟಿತ್ತು. ರನ್‌ವೇ ತೆರವಾಗಿದೆಯೇ ಎಂದು ಅದರ ಫ್ಲೈಟ್ ಎಂಜಿನಿಯರ್ ವ್ಯಕ್ತಪಡಿಸಿದ ಅನುಮಾನ ಕ್ಯಾಪ್ಟನ್ ಮುಂದೆ ನಿಲ್ಲಲಿಲ್ಲ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ 173 ವಿಮಾನ ಇಂಧನ ಮುಗಿದು ಬಿದ್ದಿತು. ಈ ಎರಡನೆಯ ಅಪಘಾತದ ತನಿಖೆಯ ನಂತರ, ಕ್ಯಾಪ್ಟನ್‌ಗಳಿಗೆ ಸಹಭಾಗಿತ್ವದ ನಿರ್ವಹಣೆಯಲ್ಲಿ, ಇತರ ಸಿಬ್ಬಂದಿಗೆ ದೃಢ ಅಭಿವ್ಯಕ್ತಿಯಲ್ಲಿ ತರಬೇತಿ ಬೇಕೆಂಬ ಶಿಫಾರಸು ಬಂದಿತು. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಸಿಬ್ಬಂದಿ ಸಂಪನ್ಮೂಲ ನಿರ್ವಹಣೆ ಎಂಬ ತರಬೇತಿ ಬೆಳೆಯಿತು. ಯುನೈಟೆಡ್ ಸಂಸ್ಥೆ 1981ರಲ್ಲಿ ಅದನ್ನು ಜಾರಿಗೆ ತಂದಿತು. ನಿಯಂತ್ರಣ ಕೇಂದ್ರದ ಸೂಚನೆಯನ್ನು ಪೈಲಟ್ ಮರಳಿ ಉಚ್ಚರಿಸಿ ಖಚಿತಪಡಿಸುವುದು ವಿಮಾನಯಾನದ ನಿಯಮ.

ವೈದ್ಯಕೀಯ: ಸನ್ನಿವೇಶ, ಹಿನ್ನೆಲೆ, ಅಂದಾಜು, ಶಿಫಾರಸು ಎಂಬ ನಾಲ್ಕು ಭಾಗಗಳ ಎಸ್‌ಬಾರ್ ಮಾದರಿ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದಿತು. ನರ್ಸ್ ವೈದ್ಯರಿಗೆ ಕರೆ ಮಾಡುವ ಮಾದರಿ ಹೀಗಿರುತ್ತದೆ: “ಡಾಕ್ಟರ್, 5ನೆಯ ಹಾಸಿಗೆಯ ರೋಗಿಯ ಬಿಪಿ 80/50ಕ್ಕೆ ಇಳಿದಿದೆ. ಬೆಳಿಗ್ಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆ. ಒಳಗೆ ರಕ್ತಸ್ರಾವ ಆಗುತ್ತಿರಬಹುದು ಅನಿಸುತ್ತದೆ. ನೀವು ಈಗಲೇ ಬಂದು ನೋಡಬೇಕು.” ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಐ-ಪಾಸ್ ವಿಧಾನದಲ್ಲಿ ಕೇಳಿಸಿಕೊಂಡ ವೈದ್ಯರು ಅದರ ಸಾರವನ್ನು ಮರಳಿ ಹೇಳುವುದು ಕೊನೆಯ ಹಂತ. 9 ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವಿಧಾನ ಬಂದ ಮೇಲೆ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವು. ಭಾರತದಲ್ಲಿ 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಎಟ್‌ಕಾಮ್ ಹೆಸರಿನಲ್ಲಿ ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳು ಸೇರಿವೆ.

ಮಾಹಿತಿ ತಂತ್ರಜ್ಞಾನ ಮತ್ತು ಸೇವಾ ಕ್ಷೇತ್ರ: ಗ್ರಾಹಕರೊಡನೆ ದೂರವಾಣಿ, ಇ-ಮೇಲ್ ಮತ್ತು ವಿಡಿಯೊ ಸಭೆಗಳ ಮೂಲಕ ನಡೆಯುವ ಕೆಲಸದಿಂದಾಗಿ ಇಲ್ಲಿ ಈ ತರಬೇತಿಯ ಬೇಡಿಕೆ ಹೆಚ್ಚು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ತರಬೇತಿ ಮೂರು ನೆಲೆಗಳಲ್ಲಿ ಬೆಳೆದಿದೆ. ಮೊದಲನೆಯದು ಸ್ವಯಂಸೇವಾ ಸಂಘಟನೆಗಳು. ದಕ್ಷಿಣ ಕನ್ನಡ, ಉಡುಪಿ ಮೊದಲಾದ ಜಿಲ್ಲೆಗಳಲ್ಲಿ ಜೇಸಿ ಘಟಕಗಳು ಭಾಷಣ ಕಲೆ ಮತ್ತು ವ್ಯಕ್ತಿತ್ವ ವಿಕಸನದ ಶಿಬಿರಗಳನ್ನು ನಡೆಸುತ್ತ ಬಂದಿವೆ. ಬೆಂಗಳೂರಿನಲ್ಲಿ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಿವೆ. ಎರಡನೆಯದು ಉದ್ಯಮ. 1990ರ ದಶಕದ ನಂತರ ಬೆಂಗಳೂರಿನಲ್ಲಿ ತಂತ್ರಾಂಶ ಸಂಸ್ಥೆಗಳೂ ಕಾಲ್‌ಸೆಂಟರ್‌ಗಳೂ ಹೆಚ್ಚಿದಂತೆ ಹೊಸಬರ ತರಬೇತಿಯಲ್ಲಿ ಸಂವಹನ ಒಂದು ಖಾಯಂ ಭಾಗವಾಯಿತು. ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರದಲ್ಲಿ ತಾಂತ್ರಿಕ ಪಾಠಗಳ ಜೊತೆಗೆ ಇಂಥ ಕೌಶಲಗಳನ್ನೂ ಕಲಿಸಲಾಗುತ್ತದೆ. ಮೂರನೆಯದು ಆಡಳಿತ ಮತ್ತು ಶಿಕ್ಷಣ. ರಾಜ್ಯದ ಅಧಿಕಾರಿಗಳ ತರಬೇತಿ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ನಡೆಯುತ್ತದೆ. 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡ ರಾಜ್ಯದ ಅಧಿಕೃತ ಭಾಷೆಯಾದ ಕಾರಣ ಕಡತದ ಟಿಪ್ಪಣಿ, ಪತ್ರ, ಆದೇಶಗಳ ಕನ್ನಡ ಇಲ್ಲಿ ವೃತ್ತಿಕೌಶಲವೇ ಆಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಠ್ಯದಲ್ಲಿ ಇಂಗ್ಲಿಷ್ ಸಂವಹನದ ಜೊತೆಗೆ, ಕನ್ನಡ ಬಾರದ ವಿದ್ಯಾರ್ಥಿಗಳಿಗೆ ‘ಬಳಕೆ ಕನ್ನಡ’ವೂ ಇದೆ.

ಕನ್ನಡ ಮಾಧ್ಯಮದಿಂದ ಬಂದ ಉದ್ಯೋಗಸ್ಥರಲ್ಲಿ ಇಂಗ್ಲಿಷ್ ಕುರಿತ ಅಳುಕು ಮತ್ತು ಸಂವಹನ ಕೌಶಲದ ಕೊರತೆ ಒಂದೇ ಎಂಬ ತಪ್ಪು ಗ್ರಹಿಕೆ ಉಂಟು. ವಿಚಾರ ಜೋಡಣೆ, ಆಲಿಸುವಿಕೆ, ದೃಢ ಅಭಿವ್ಯಕ್ತಿ ಯಾವ ಭಾಷೆಯಲ್ಲಾದರೂ ಕಲಿಯಬಹುದಾದ ಕೌಶಲಗಳು. ಆದ್ದರಿಂದ ಮೊದಲು ಕನ್ನಡದಲ್ಲಿ ವಿಷಯ ಜೋಡಿಸಿ ಹೇಳಿಸಿ, ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸುವ ದ್ವಿಭಾಷಾ ಕ್ರಮ ಇಂಥವರಿಗೆ ಅನ್ವಯಿಸುತ್ತದೆ.

ಮೌಲ್ಯಮಾಪನ ಮತ್ತು ಮಿತಿಗಳು

ತರಬೇತಿಯ ಫಲವನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮಂಡಿಸಿದ ನಾಲ್ಕು ಮಟ್ಟಗಳು ವ್ಯಾಪಕವಾಗಿ ಬಳಕೆಯಲ್ಲಿವೆ: ಶಿಕ್ಷಾರ್ಥಿಯ ಪ್ರತಿಕ್ರಿಯೆ, ಕಲಿಕೆ, ಕೆಲಸದಲ್ಲಿ ವರ್ತನೆಯ ಬದಲಾವಣೆ, ಸಂಸ್ಥೆಗೆ ದೊರೆತ ಫಲಿತಾಂಶ. ಕಾರ್ಯಾಗಾರದ ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರ ಮೊದಲ ಮಟ್ಟವನ್ನಷ್ಟೇ ಅಳೆಯುತ್ತದೆ. ವರ್ತನೆ ಬದಲಾಗಿದೆಯೇ ಎಂದು ತಿಳಿಯಲು ಕೆಲವು ತಿಂಗಳ ನಂತರ ಸಹೋದ್ಯೋಗಿಗಳನ್ನು ಕೇಳಬೇಕಾಗುತ್ತದೆ.

ತರಬೇತಿಗೆ ಮಿತಿಗಳೂ ಇವೆ. ಅಭ್ಯಾಸ ಮುಂದುವರಿಯದಿದ್ದರೆ ಕಲಿತದ್ದು ಉಳಿಯುವುದಿಲ್ಲ. ತಪ್ಪು ತೋರಿಸಿದವರನ್ನು ದಂಡಿಸುವ ಸಂಸ್ಥೆಯಲ್ಲಿ ದೃಢ ಅಭಿವ್ಯಕ್ತಿಯ ಪಾಠ ಫಲ ಕೊಡುವುದಿಲ್ಲ. ಅಲ್ಲಿ ಬದಲಾಗಬೇಕಾದದ್ದು ಆಡಳಿತದ ರೀತಿ. ಒಂದೇ ಬಗೆಯ ಉಚ್ಚಾರಣೆಯನ್ನು ಶ್ರೇಷ್ಠವೆಂದು ಹೇರುವ ತರಬೇತಿ ಟೀಕೆಗೆ ಒಳಗಾಗಿದೆ. ಆದ್ದರಿಂದ ಉಚ್ಚಾರಣೆಯ ಶುದ್ಧಿಗಿಂತ ಮಾತಿನ ಸುಬೋಧತೆಯನ್ನು ಗುರಿಯಾಗಿ ಹಿಡಿಯುವ ಕ್ರಮವೂ ಬೆಳೆದಿದೆ. ಹಲವು ದೇಶಗಳಂತೆ ಭಾರತದಲ್ಲಿಯೂ ಈ ವೃತ್ತಿಗೆ ಕಡ್ಡಾಯ ಪರವಾನಗಿ ಇಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಸ್ವಯಂಪ್ರೇರಿತವಾಗಿ ಪಡೆಯಬಹುದಾದ ಮೂರು ದರ್ಜೆಯ ಮಾನ್ಯತೆ ನೀಡುತ್ತದೆ. ಅದಕ್ಕೆ ಕ್ರಮವಾಗಿ 100, 500 ಮತ್ತು 2,500 ಗಂಟೆಗಳ ಕೋಚಿಂಗ್ ಅನುಭವ ಬೇಕು.

ಇಂದಿನ ಸ್ಥಿತಿ

2020ರ ಕೋವಿಡ್ ನಂತರ ದೂರದಿಂದ ಕೆಲಸ ಮಾಡುವ ಪದ್ಧತಿ ಹರಡಿ, ವಿಡಿಯೊ ಸಭೆಯಲ್ಲಿ ಮಾತನಾಡುವುದು, ಚಾಟ್ ಸಂದೇಶ ಬರೆಯುವುದು ಮತ್ತು ಬೇರೆಬೇರೆ ಸಮಯವಲಯಗಳಲ್ಲಿರುವವರಿಗೆ ಲಿಖಿತ ಟಿಪ್ಪಣಿ ಬಿಡುವುದು ಪಠ್ಯಕ್ಕೆ ಸೇರಿವೆ. ತರಬೇತಿಯೂ ಹೆಚ್ಚಾಗಿ ಆನ್‌ಲೈನ್ ಆಗಿದೆ. ಮಾತಿನ ವೇಗ ಅಳೆದು, ತುಂಬುಮಾತುಗಳನ್ನು ಎಣಿಸಿ ವರದಿ ನೀಡುವ ತಂತ್ರಾಂಶಗಳೂ, ಕರಡು ಪತ್ರ ತಿದ್ದುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಳಕೆಗೆ ಬಂದಿವೆ. ಒಬ್ಬರೇ ಕುಳಿತು ಸಂಕೋಚವಿಲ್ಲದೆ ಎಷ್ಟು ಸಲ ಬೇಕಾದರೂ ಅಭ್ಯಾಸ ಮಾಡುವ ಅವಕಾಶ ಇವುಗಳಿಂದ ದೊರೆತಿದೆ. ಇವು ಅಳೆಯುವುದು ಹೇಳಿದವರ ಮಾತನ್ನು. ಕೇಳಿದವರಿಗೆ ಅದು ಹೇಗೆ ಅರ್ಥವಾಯಿತು ಎಂಬುದನ್ನು ತಿಳಿಯಲು ಅವರಿಂದಲೇ ಅದನ್ನು ಮರಳಿ ಹೇಳಿಸುವ ಕ್ರಮವನ್ನು ವಿಮಾನಯಾನದಲ್ಲಿಯೂ ಆಸ್ಪತ್ರೆಯಲ್ಲಿಯೂ ಇಂದಿಗೂ ಅನುಸರಿಸಲಾಗುತ್ತಿದೆ.